ಏಣಿ ಹಾಕುವ ಕಾಲ

ಪಂಚಾಂಗದ ಲೆಕ್ಕದಲ್ಲಿ ರೋಹಿಣಿ ಮಳೆ ಕೂಡುವುದು ಮೇ 25ರ ಆಸುಪಾಸು, ಮೃಗಶಿರ ಜೂನ್ 8ರ ಆಸುಪಾಸು. ನಡುವಿನ ಎರಡು ವಾರ ರೈತನಿಗೆ ಬೀಜ, ಗೊಬ್ಬರ, ಕೂರಿಗೆಯ ಚಿಂತೆ. ಸ್ವಂತ ಮನೆ ಇದ್ದವರಿಗೆಲ್ಲ ಇನ್ನೊಂದು ಚಿಂತೆ, ತಲೆಯ ಮೇಲಿನದು. ಹೋದ ವರ್ಷ ಎಲ್ಲೆಲ್ಲಿ ಸೋರಿತ್ತು ಎಂಬುದು ಮನೆಮಂದಿಗೆಲ್ಲ ಬಾಯಿಪಾಠ. ಯಾವ ಜಾಗಕ್ಕೆ ಬಕೆಟ್ಟು, ಯಾವ ಜಾಗಕ್ಕೆ ಬೋಗುಣಿ ಎಂಬುದೂ ನಿಗದಿಯಾಗಿರುತ್ತದೆ. ಏಣಿ ಹಾಕಿ ಹತ್ತಿ ನೋಡುವ ಕೆಲಸವೊಂದು ಮಾತ್ರ ಬಾಕಿ. ಅದು ಮುಂದಿನ ರೋಹಿಣಿಗೂ ಬಾಕಿಯೇ ಇರುತ್ತದೆ.

ಜನ ಸೋಮಾರಿಗಳಾದರು, ಅದಕ್ಕೇ ಹೀಗೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರನನ್ನೇ ನೋಡಿ. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಎದ್ದು ತೋಟಕ್ಕೆ ಹೋಗುತ್ತಾನೆ, ಬ್ಯಾಟರಿ ಬೆಳಕಲ್ಲಿ ಡ್ರಿಪ್ ಪೈಪಿನ ಜಾಯಿಂಟು ಬಿಚ್ಚಿ ಕಟ್ಟುತ್ತಾನೆ, ಒಡೆದ ಪಿವಿಸಿಗೆ ಗಮ್ ಹಚ್ಚಿ ಕಾಲರ್ ಕೂರಿಸುತ್ತಾನೆ. ಅದೇ ಮನುಷ್ಯ ಅಡುಗೆಮನೆಯ ನಲ್ಲಿ ತಿಂಗಳುಗಟ್ಟಲೆ ತೊಟ್ಟಿಕ್ಕಿದರೂ ಪ್ಲಂಬರ್‌ಗೆ ಫೋನು ಹಚ್ಚಿ ದಾರಿ ಕಾಯುತ್ತಾನೆ. ಕೈಯಲ್ಲಿ ಕಸುಬೂ ಇದೆ, ಮನೆಯಲ್ಲಿ ಸ್ಪ್ಯಾನರೂ ಇದೆ. ತೋಟ ಗೊತ್ತು, ಮನೆ ಗೊತ್ತಿಲ್ಲ, ಅಷ್ಟೇ. ತೋಟದ ಪೈಪು ಕಣ್ಣಿಗೆ ಕಾಣುತ್ತದೆ. ಮನೆಯ ಪೈಪು ಟೈಲ್ಸಿನ ಹಿಂದೆ ಎಲ್ಲಿ ತಿರುಗಿ ಎಲ್ಲಿ ಇಳಿದಿದೆ ಎಂಬುದು ಕಟ್ಟಿದವನಿಗೆ ಮಾತ್ರ ಗೊತ್ತು, ಅವನು ಈಗ ಬೆಂಗಳೂರಿನಲ್ಲಿದ್ದಾನೆ.

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ಆಯಿತು. ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹೊನ್ನಾಳಿಯ ಮಗ್ಗುಲಲ್ಲಿದ್ದ ನ್ಯಾಮತಿ ಬೇರೆ ತಾಲ್ಲೂಕಾಗಿದ್ದು ತೀರ ಈಚೆಗೆ. ಕಚೇರಿ ಕಡತಗಳು ಒಂದೇ ಊರಿಗೆ ಬಂದರೂ ಮನೆಯ ಸೂರುಗಳು ಇಂದಿಗೂ ಎರಡು ಜಿಲ್ಲೆಯವೇ. ಮಲೆನಾಡಿನ ಅಂಚಿಗಿರುವ ನ್ಯಾಮತಿ, ಚನ್ನಗಿರಿಯ ಹಳೆಯ ಮನೆಗಳಿಗೆ ಇಳಿಜಾರು ಮಾಡು, ಮೇಲೆ ಹೆಂಚು. ಮಳೆ ಕಡಿಮೆ ಇರುವ ಜಗಳೂರು ಕಡೆ ಹೋಗುತ್ತಿದ್ದಂತೆ ಮಾಡು ಚಪ್ಪಟೆಯಾಗುತ್ತ ಹೋಗಿ ಮಣ್ಣಿನ ಮಾಳಿಗೆಯಾಗುತ್ತದೆ. ಬಸ್ಸಿನಲ್ಲಿ ಕುಳಿತು ಬರೀ ಸೂರು ನೋಡುತ್ತ ಹೋದರೂ ಮಳೆ ಎಲ್ಲಿ ಎಷ್ಟು ಎಂದು ಹೇಳಿಬಿಡಬಹುದು.

ಈ ಮಣ್ಣಿನ ಮಾಳಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಮನೆಯವರೇ ದುರಸ್ತಿ ಮಾಡಿಕೊಳ್ಳಬೇಕು ಎಂಬ ಲೆಕ್ಕದಲ್ಲೇ ಕಟ್ಟಿದ ಸೂರು ಇದು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಗೆ ಅಡ್ಡಲಾಗಿ ಸೀಳಿದ ಕಟ್ಟಿಗೆ ಅಥವಾ ಬಿದಿರು, ಅದರ ಮೇಲೆ ಒತ್ತಾಗಿ ಸೊಪ್ಪಿನ ಹಾಸು, ಆಮೇಲೆ ದಪ್ಪಗೆ ಮಣ್ಣು. ಎಲ್ಲಕ್ಕಿಂತ ಮೇಲೆ ತೆಳ್ಳಗೆ ಒಂದು ಪದರ ಕರಲು. ನೀರು ತಡೆಯುವುದು ಈ ಕೊನೆಯ ಪದರ. ಕೆಳಗಿನ ಅಷ್ಟೂ ಮಣ್ಣು ಬಿಸಿಲು ತಡೆಯುವುದಕ್ಕೆ.

ಕರಲು ಎಂದರೆ ರೈತ ಮುಖ ಸಿಂಡರಿಸುವ ಮಣ್ಣು. ಸೋಡಾದ ಅಂಶ ಹೆಚ್ಚಾಗಿ, ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು ಹೂತಂತೆ ಕಾಣುವ, ಏನು ಬಿತ್ತಿದರೂ ಏಳದ ನೆಲ. ಮಳೆ ಬಿದ್ದರೆ ನೀರು ಇಂಗುವುದಿಲ್ಲ, ಮೇಲೇ ನಿಲ್ಲುತ್ತದೆ. ಸೋಡಿಯಂ ಹಿಡಿದ ಜೇಡಿಕಣಗಳು ಮಳೆನೀರು ತಾಗಿದ ಕೂಡಲೇ ಒಂದನ್ನೊಂದು ಬಿಟ್ಟು ಹಿಟ್ಟಿನಂತೆ ಚದುರಿ, ಮಣ್ಣಿನ ಸಂದುಗಳಲ್ಲಿ ಹೋಗಿ ಕೂರುತ್ತವೆ, ಆಮೇಲೆ ನೀರಿಗೆ ಇಳಿಯಲು ದಾರಿಯೇ ಇರುವುದಿಲ್ಲ. ಹೊಲದಲ್ಲಿ ಬೇರು ಸಾಯಿಸುವ ಈ ಗುಣ ಮಾಳಿಗೆಯ ಮೇಲೆ ಮನೆ ಕಾಯುತ್ತದೆ. ಪ್ರಯೋಗಾಲಯ ಇಲ್ಲದೆ, ಪುಸ್ತಕ ಇಲ್ಲದೆ, ಬೆಳೆ ಬಾರದ ನೆಲದ ಮಣ್ಣನ್ನು ಹೆಡಿಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದು ಸೂರಿಗೆ ಹಾಕಿದ ಆ ಮೊದಲಿನವರು ಯಾರೋ, ಅವರಿಗೆ ಒಂದು ನಮಸ್ಕಾರ.

ಆದರೆ ಕರಲು ವರ್ಷಕ್ಕೊಮ್ಮೆ ಕೈ ಬೇಡುತ್ತದೆ. ಮಳೆಗೆ ಅಷ್ಟಿಷ್ಟು ಕೊಚ್ಚಿಹೋಗುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇಲಿ ಬಿಲ ಮಾಡುತ್ತದೆ. ಹೋದ ಮಳೆಗಾಲದಲ್ಲಿ ಹುಟ್ಟಿದ ಹುಲ್ಲಿನ ಬೇರು ಒಣಗಿ, ಅದು ಇದ್ದ ಜಾಗ ನೀರಿಗೆ ತೂತಾಗುತ್ತದೆ. ಹಾಗಾಗಿ ಮುಂಗಾರಿಗೆ ಮುಂಚೆ ಹತ್ತಿ, ಹುಲ್ಲು ಕಿತ್ತು, ಬಿಲಕ್ಕೆ ಕಲ್ಲು ಬಡಿದು ಮಣ್ಣು ತುಂಬಿ, ತಗ್ಗು ಕಂಡಲ್ಲಿ ಸಮ ಮಾಡಿ, ದಿಮ್ಮಸಿನಿಂದ ಬಡಿದು, ಮೇಲೆ ಹೊಸ ಕರಲು ಹರಡಬೇಕು. ನೀರು ದೋಣಿಯ ಕಡೆಗೇ ಓಡುವಂತೆ ಓಟ ಕೊಡಬೇಕು. ಎಷ್ಟೇ ಜಾಗ್ರತೆ ಮಾಡಿದರೂ ಮೊದಲ ದೊಡ್ಡ ಮಳೆಗೆ ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತದೆ. ಅದಕ್ಕೆಂದೇ ಒಂದು ಪುಟ್ಟಿ ಒಣ ಕರಲು ಒಳಗೆ ಮೂಲೆಯಲ್ಲಿ ಇರುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಮೇಲೆ ಹೋಗುವುದು, ಒಳಗಿನಿಂದ ಕೋಲಿನಲ್ಲಿ ಜಂತೆ ತಟ್ಟಿ ಜಾಗ ತೋರಿಸಿದರೆ ಅಲ್ಲಿಗೆ ಎರಡು ಬೊಗಸೆ ಸುರಿದು ಕಾಲಿನಲ್ಲಿ ತುಳಿಯುವುದು. ಕೆಳಗಿನಿಂದ ಅಮ್ಮನೋ ಅಜ್ಜಿಯೋ "ನಿಂತೈತೆ, ಇಳಿ" ಎಂದರೆ ಕೆಲಸ ಮುಗಿಯಿತು.

ಇದರಲ್ಲಿ ಗಮನಿಸಬೇಕಾದ್ದು ಕೈಕೆಲಸಕ್ಕಿಂತ ಕಣ್ಣಿನ ಕೆಲಸ. ಮೆಣಸಿನಕಾಯಿ ಒಣಹಾಕಲು, ಹುಣಸೆಹಣ್ಣು ಹರಡಲು, ಬೇಸಿಗೆ ರಾತ್ರಿ ಮಲಗಲು ಜನ ದಿನಾ ಮಾಳಿಗೆಗೆ ಹತ್ತುತ್ತಿದ್ದರು. ಬಿರುಕು ಹುಟ್ಟಿದ ವಾರದಲ್ಲೇ ಕಣ್ಣಿಗೆ ಬೀಳುತ್ತಿತ್ತು. ಈಗ ತಾರಸಿ ಮನೆಯ ಮೇಲ್ಗಡೆ ಸಿಂಟೆಕ್ಸ್ ತುಂಬಿ ಹರಿದರೆ ಮಾತ್ರ ಯಾರಾದರೂ ಹತ್ತುತ್ತಾರೆ.

ಆಫ್ರಿಕಾದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ಅಲ್ಲಿನ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು, ಈಗಿನ ಕಟ್ಟಡ 1907ರದ್ದು. ಪ್ರತಿ ವರ್ಷ ಊರಿಗೆ ಊರೇ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ, ಅದೊಂದು ಜಾತ್ರೆ. ಚಿತ್ರ ನೋಡಿದವರಿಗೆ ನೆನಪಿರಬಹುದು, ಗೋಡೆಯ ತುಂಬ ತಾಳೆಮರದ ತುಂಡುಗಳು ಮುಳ್ಳಿನ ಹಾಗೆ ಹೊರಚಾಚಿಕೊಂಡಿವೆ. ಅಲಂಕಾರ ಎಂದುಕೊಳ್ಳುತ್ತೇವೆ. ಮಣ್ಣು ಮೆತ್ತುವವರು ಅವುಗಳ ಮೇಲೆ ಕಾಲಿಟ್ಟೇ ಗೋಡೆ ಹತ್ತುವುದು. ಮುಂದೆ ರಿಪೇರಿ ಬಂದೇ ಬರುತ್ತದೆ ಎಂದು ತಿಳಿದು, ಅದಕ್ಕೆ ಬೇಕಾದ ಏಣಿಯನ್ನು ಕಟ್ಟುವಾಗಲೇ ಗೋಡೆಯಲ್ಲಿ ಇಟ್ಟಿದ್ದಾರೆ. ಲಕ್ಷಾಂತರ ಸುರಿದು ಕಟ್ಟಿಸಿದ ನಮ್ಮ ಎಷ್ಟು ಮನೆಗಳಲ್ಲಿ ಮೇಲಿನ ಟ್ಯಾಂಕಿಗೆ ಹೋಗಲು ಮೆಟ್ಟಿಲಿದೆ? ಮೂರನೇ ಮನೆಯಿಂದ ಬಿದಿರಿನ ಏಣಿ ಕೇಳಿ ತರಬೇಕು.

ಇನ್ನು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಮಣ್ಣು ನಂಬಿಕೊಂಡು ಹೆಂಚಿನ ಕಾರ್ಖಾನೆ ತೆಗೆದ. ಅಲ್ಲಿಂದ ಘಟ್ಟ ಹತ್ತಿ ಬಂದ ಮಂಗಳೂರು ಹೆಂಚು ಕುಂಬಾರರ ನಾಡಹೆಂಚನ್ನು ಹಿತ್ತಿಲ ಕೊಟ್ಟಿಗೆಗೆ ತಳ್ಳಿತು. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವುದೇ ಅದರ ಜಾಣತನ. ಗಾರೆ ಬೇಡ, ಮೊಳೆ ಬೇಡ, ಒಡೆದರೆ ಒಂದನ್ನೇ ಎಳೆದು ಇನ್ನೊಂದು ತೂರಿಸಬಹುದು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವುದು ಎಂದರೆ ಇದೇ: ಸರಿದದ್ದನ್ನು ಕೂರಿಸುವುದು, ಒಡೆದದ್ದನ್ನು ಬದಲಿಸುವುದು, ಕಾಲುವೆಯಲ್ಲಿ ತುಂಬಿದ ತರಗೆಲೆ, ಪಾಚಿ ಗುಡಿಸುವುದು. ಹೆಂಚು ಸೋರುವುದು ಬಹಳ ಸಲ ಒಡೆದು ಅಲ್ಲ, ಕಸ ಕಟ್ಟಿಕೊಂಡು ನೀರು ಹಿಮ್ಮುಖ ಏರಿ. ಗುಡಿಸಲು ಮೇಸ್ತ್ರಿ ಬೇಕಿಲ್ಲ.

ಇಲ್ಲಿ ಒಂದು ತೊಡಕಿದೆ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದರಂತಿಲ್ಲ. ಕಣ್ಣಿಗೆ ಒಂದೇ ಥರ ಕಂಡರೂ ಕಾಲುವೆ ಒಂದು ನೂಲು ಆಚೀಚೆ ಆದರೆ ಹೆಂಚು ಕೂರುವುದಿಲ್ಲ, ಎದ್ದೇ ಇರುತ್ತದೆ, ಎದ್ದ ಕಡೆ ಗಾಳಿಮಳೆ ಒಳಗೆ ಬರುತ್ತದೆ. ಅದಕ್ಕೇ ತಿಳಿದವರು ಮನೆ ಕಟ್ಟಿದಾಗಲೇ ನಲವತ್ತೈವತ್ತು ಹೆಂಚು ಹೆಚ್ಚಿಗೆ ತರಿಸಿ ಹಿತ್ತಿಲ ಗೋಡೆಗೆ ಒರಗಿಸಿ ಇಡುತ್ತಿದ್ದರು. ಈಗ ಮಂಗಳೂರಿನ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಯಾರಾದರೂ ಹಳೇ ಮನೆ ಕೆಡವುತ್ತಿದ್ದರೆ ಹೆಂಚು ತಿರುಗಿಸಿ ಹಿಂದಿನ ಮುದ್ರೆ ನೋಡಿ, ನಿಮ್ಮದೇ ಆಗಿದ್ದರೆ ಸಿಕ್ಕಷ್ಟು ಹೊತ್ತು ತನ್ನಿ. ಮತ್ತೆ ಕೋತಿಗಳ ವಿಷಯ. ನ್ಯಾಮತಿ, ಚನ್ನಗಿರಿ ಕಡೆ ಹೆಂಚು ಒಡೆಯುವುದರಲ್ಲಿ ಆಲಿಕಲ್ಲಿಗಿಂತ ದೊಡ್ಡ ಪಾಲು ಅವುಗಳದ್ದು. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ, ಅರಣ್ಯ ಇಲಾಖೆಯ ಹತ್ತಿರವೂ ಇದ್ದಂತಿಲ್ಲ.

ಹಳೆಯ ಕಾಲದಲ್ಲಿ ಎಲ್ಲರೂ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು ಎಂದು ಹೇಳಿದರೆ ಅದು ಸುಳ್ಳು. ಬಾಗಿಲು, ನೇಗಿಲು ಬಡಗಿಯ ಕೆಲಸ, ಅಗುಳಿ, ಕೊಂಡಿ ಕಮ್ಮಾರನದು. ಅವರಿಗೆ ಕೂಲಿಯ ಬದಲು ಸುಗ್ಗಿಯಲ್ಲಿ ಕಣದಿಂದ ಕಾಳು ಹೋಗುತ್ತಿತ್ತು. ಆಯಗಾರಿಕೆಯಲ್ಲಿ ಅಳತೆಗೂ ಜಗಳವಿತ್ತು, ಮೇಲು ಕೀಳೂ ಇತ್ತು, ಅದನ್ನು ಚಿನ್ನದ ಕಾಲ ಎನ್ನಬೇಕಿಲ್ಲ. ಮಾಳಿಗೆ, ಹೆಂಚಿನ ಕೆಲಸಕ್ಕೆ ಮುಯ್ಯಾಳು: ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಗೋಡೆ ಮತ್ತು ನೆಲ ಹೆಂಗಸರ ಪಾಲು. ಸಗಣಿ ಸಾರಿಸುವುದು, ಕೆಮ್ಮಣ್ಣಿನ ಕಾರಣೆ ಬಿಡುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು ಎಲ್ಲ ಅವರದೇ. ಈಗ ಡ್ರಿಲ್ ಹಿಡಿದು ಕ್ಯಾಲೆಂಡರಿಗೆ ಮೊಳೆ ಹೊಡೆದ ಗಂಡಸು ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೊ ಹಾಕುತ್ತಾನೆ. ತಲೆತಲಾಂತರದಿಂದ ಗೋಡೆ ಮೆತ್ತಿದ ಕೈಗಳ ಫೋಟೊ ಯಾರೂ ತೆಗೆದಿಲ್ಲ.

ಸುಣ್ಣದ ಮಾತು ಬಂತು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಮಕ್ಕಳನ್ನು ಹತ್ತಿರ ಬಿಡಬೇಡಿ. ರಾತ್ರಿಯೆಲ್ಲ ನೆನೆದು ತಣಿದ ಮೇಲೆ ಸೋಸಿ, ಸ್ವಲ್ಪ ಗೋಂದು, ಚಿಟಿಕೆ ನೀಲಿ ಸೇರಿಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಬೇಕು. ಬಳಿದಾಗ ಬಣ್ಣವೇ ಕಾಣುವುದಿಲ್ಲ, ಒಣಗುತ್ತ ಬೆಳ್ಳಗಾಗುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಸುಣ್ಣದಕಲ್ಲೇ ಆಗುವ ಕೆಲಸ ಅದು. ಈ ಪದರ ಗೋಡೆಯ ಪಸೆಯನ್ನು ಹೊರಗೆ ಬಿಡುತ್ತದೆ.

ಸಿಮೆಂಟು ಬಿಡುವುದಿಲ್ಲ. ಮಣ್ಣಿನ ಮನೆಯವರು ಕೈಯಲ್ಲಿ ಕಾಸಾದ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಹಳೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು. ನೋಡಲು ಗಟ್ಟಿಯಾಗಿ ಕಾಣುತ್ತದೆ. ಮಣ್ಣು ಪಸೆಗೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಅದರ ಜೊತೆ ಆಡುವುದಿಲ್ಲ. ನಾಲ್ಕಾರು ಮಳೆಗಾಲದಲ್ಲಿ ಎರಡರ ನಡುವೆ ಸಂದು ಬಿಟ್ಟು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಸಿಕ್ಕಿಕೊಂಡ ನೀರು ಮಣ್ಣಿನ ಗೋಡೆಯನ್ನು ಬುಡದಿಂದ ಕರಗಿಸುತ್ತಿರುತ್ತದೆ, ಹೊರಗೆ ಮಾತ್ರ ಡಿಸ್ಟೆಂಪರ್ ಮಿರಿಮಿರಿ. ಹಾಗೆ ಟೊಳ್ಳಾದ ಪ್ಲಾಸ್ಟರ್ ಇದ್ದರೆ ಅದನ್ನು ಉದುರಿಸಿ, ಒಣಗಲು ಬಿಟ್ಟು, ಅದೇ ಮಣ್ಣನ್ನು ಹೊಟ್ಟಿನ ಜೊತೆ ಕಲಸಿ ಕೊಳೆಯಲು ಬಿಟ್ಟು ಮೆತ್ತುವುದು ಒಳ್ಳೆಯದು. ಸಿಮೆಂಟು ಬೇಡವೇ ಬೇಡ ಎನ್ನುವ ಹಟ ನನಗಿಲ್ಲ. ನಮ್ಮ ಅಡುಗೆಮನೆಗಳಿಗೆ ಅಸ್ತ್ರ ಒಲೆ ಕೊಟ್ಟ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ 1974ರಲ್ಲಿ ಶುರುವಾದದ್ದು. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ ಮಳೆಗೆ ಕರಗುವುದಿಲ್ಲ ಎಂದು ಅಲ್ಲಿನವರು ಮನೆ ಕಟ್ಟಿಯೇ ತೋರಿಸಿದ್ದಾರೆ. ಒಳಗೆ ಬೆರೆತ ಸಿಮೆಂಟಿಗೂ ಮೇಲೆ ಹೊದಿಸಿದ ಸಿಮೆಂಟಿಗೂ ಅಷ್ಟು ವ್ಯತ್ಯಾಸ.

ಎರೆಭೂಮಿಯ ಮೇಲೆ ಮನೆ ಕಟ್ಟಿದವರ ಕಷ್ಟ ಬೇರೆ. ಬೇಸಿಗೆಯಲ್ಲಿ ಎರೆಮಣ್ಣು ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲಿನ ಗೋಡೆಯೂ ಅದರ ಜೊತೆಗೇ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿಗೆ ಪ್ರತಿ ಏಪ್ರಿಲ್‌ನಲ್ಲಿ ಪುಟ್ಟಿ ತುಂಬುವುದು, ಪ್ರತಿ ಆಗಸ್ಟ್‌ನಲ್ಲಿ ಅದು ಹೊರಗೆ ಉದುರುವುದು, ಎರಡೂ ತಪ್ಪುವುದಿಲ್ಲ. ಪುಟ್ಟಿಗೆ ದುಡ್ಡು ಹಾಕುವ ಮೊದಲು ಬಿರುಕಿನ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ವರ್ಷ ಕಳೆದರೂ ಗೆರೆ ದಾಟದಿದ್ದರೆ ಅದು ನಿಮ್ಮ ಕೆಲಸ: ಉಳಿಯಲ್ಲಿ ಬಾಯಿ ಅಗಲಿಸಿ, ಧೂಳು ಗುಡಿಸಿ, ನೀರು ಕುಡಿಸಿ, ಸಿಮೆಂಟ್ ಹಾಲು ಹಚ್ಚಿ, ಗಾರೆ ತುಂಬಿ, ವಾರವಿಡೀ ನೀರು ಹಾಕಿ. ಕಲಸಿದ ಸಿಮೆಂಟು ಅರ್ಧ ಗಂಟೆಯ ಮೇಲೆ ಬಿಗಿಯಲು ಶುರುವಾಗುತ್ತದೆ, ಅಷ್ಟರೊಳಗೆ ಮುಗಿಯುವಷ್ಟೇ ಕಲಸಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಅದು ಎಂಜಿನಿಯರ್ ನೋಡಬೇಕಾದ ಬಿರುಕು. ಅವರು ಬರುವವರೆಗೆ ನೀವು ಮಾಡಬೇಕಾದ್ದು ಒಂದೇ, ಬಚ್ಚಲ ನೀರು, ತಾರಸಿಯ ನೀರು ಬುನಾದಿಯ ಹತ್ತಿರ ನಿಲ್ಲದಂತೆ ದೂರ ಸಾಗಿಸುವುದು.

ನೀರು ಹೊರಗಿನಿಂದಲೇ ಬಂದರೆ? ಗಾಜನೂರಿನ ತುಂಗಾ ಅಣೆಕಟ್ಟು, ಭದ್ರಾ ಜಲಾಶಯ ಎರಡರಿಂದಲೂ ಒಟ್ಟಿಗೇ ನೀರು ಬಿಟ್ಟಾಗ ಹೊನ್ನಾಳಿಯ ಬಾಲರಾಜ್ ಘಾಟ್ ಕಡೆಯವರು ಸಾಮಾನು ಎತ್ತಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. 2019ರ ನೆರೆಯ ನಂತರ ಸರ್ಕಾರ ಬಿದ್ದ ಮನೆಗಳಿಗೆ ದರ್ಜೆ ಕಟ್ಟಿತು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಹಾನಿಯಾದರೆ ಎ, ಐದು ಲಕ್ಷ ರೂಪಾಯಿ. ಇಪ್ಪತ್ತೈದರಿಂದ ಎಪ್ಪತ್ತೈದಾದರೆ ಬಿ, ಕೆಡವಿ ಕಟ್ಟುವುದಾದರೆ ಐದು ಲಕ್ಷ, ದುರಸ್ತಿಗೆ ಮೂರು ಲಕ್ಷ. ಹದಿನೈದರಿಂದ ಇಪ್ಪತ್ತೈದಕ್ಕೆ ಸಿ, ಐವತ್ತು ಸಾವಿರ. ಬಿದ್ದವರಿಗೆ ಆಸರೆ ಬೇಕು, ತಕರಾರಿಲ್ಲ. ಆದರೆ ಈ ಪಟ್ಟಿಯ ಒಳಗುಟ್ಟು ನೋಡಿ: ಗೋಡೆ ಅರೆಬರೆ ನಿಂತಿದ್ದರೆ ನಷ್ಟ, ಪೂರ್ತಿ ಬಿದ್ದರೆ ಲಾಭ. ಮಳೆಗೆ ಮುಂಚೆ ಗೋಡೆಯ ಬುಡಕ್ಕೆ ಮಣ್ಣು ಮೆತ್ತಿ, ಜಗಲಿ ಸರಿಮಾಡಿ, ಸೂರಂಚು ಒಂದು ಮೊಳ ಮುಂದೆ ಚಾಚಿಸಿ ಮನೆ ಉಳಿಸಿಕೊಂಡವನಿಗೆ ಯಾವ ದರ್ಜೆಯೂ ಇಲ್ಲ. ಅಂದಹಾಗೆ, ಜಗಲಿ ಹರಟೆಗೆ ಮಾತ್ರ ಇದ್ದದ್ದಲ್ಲ. ಸೂರಿನ ನೀರು ನೆಲಕ್ಕೆ ಬಿದ್ದು ಎರಚಲು ಹೊಡೆಯುವುದು ಗೋಡೆಗೆ ಬೀಳದೆ ಅದಕ್ಕೆ ಬೀಳಲಿ ಎಂದೂ ಇತ್ತು. ರಸ್ತೆ ಅಗಲವಾಗಲಿ ಎಂದು ಜಗಲಿ ಕೆಡವಿದ ಬೀದಿಗಳಲ್ಲಿ ಗೋಡೆಯ ಬುಡ ಸವೆದಿರುವುದನ್ನು ಈಗಲೂ ನೋಡಬಹುದು. ನೆರೆ ಇಳಿದ ಮೇಲೆ ಒದ್ದೆ ಮಣ್ಣಿನ ಗೋಡೆಗೆ ಕೂಡಲೇ ಏನನ್ನೂ ಹಚ್ಚಬಾರದು, ಬಾಗಿಲು ಕಿಟಕಿ ತೆರೆದಿಟ್ಟು ವಾರಗಟ್ಟಲೆ ಒಣಗಲು ಬಿಡಬೇಕು. ಬಣ್ಣ ಬಳಿದು ಫೋಟೊ ತೆಗೆಸುವ ಅವಸರಕ್ಕೆ ಎಷ್ಟೋ ಗೋಡೆಗಳು ಮುಂದಿನ ವರ್ಷ ಬಿದ್ದಿವೆ.

ಹೊಸ ಮನೆ ಕಟ್ಟುತ್ತಿರುವವರಿಗೆ ಖರ್ಚಿಲ್ಲದ ಒಂದು ಕೆಲಸ ಹೇಳುತ್ತೇನೆ. ಪೈಪು, ವೈರು ಗೋಡೆಯೊಳಗೆ ಇಳಿಸಿ ಇನ್ನೂ ಪ್ಲಾಸ್ಟರ್ ಆಗಿಲ್ಲ ಎನ್ನುವ ದಿನ, ಪ್ರತಿ ಗೋಡೆಗೆ ಒಂದು ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನೆಲದಿಂದ ಎಷ್ಟು ಎತ್ತರಕ್ಕೆ ಪೈಪು ಅಡ್ಡ ಹೋಗಿದೆ, ಮೂಲೆಯಿಂದ ಎಷ್ಟು ಅಡಿಗೆ ಇಳಿದಿದೆ ಎಂದು ಕಾಣಬೇಕು. ಗೃಹಪ್ರವೇಶದ ಆಲ್ಬಮ್ಮಿಗಿಂತ ಆ ಫೋಟೊ ಹೆಚ್ಚು ಸಲ ನೋಡುತ್ತೀರಿ.

ಸಣ್ಣಪುಟ್ಟ ಕೆಲಸಗಳಲ್ಲಿ ನಲ್ಲಿಯೇ ಮೊದಲಿನದು, ಅದರಷ್ಟು ಸುಲಭ ಬೇರೆ ಇಲ್ಲ. ಗೇಟ್ ವಾಲ್ವ್ ಬಂದ್ ಮಾಡಿ, ನಲ್ಲಿಯ ತಲೆ ಬಿಚ್ಚಿದರೆ ಒಳಗೆ ಸವೆದ ವಾಷರ್ ಸಿಗುತ್ತದೆ. ಅದನ್ನು ಜೇಬಿಗೆ ಹಾಕಿಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ.

"ಅಣ್ಣಾ, ನಲ್ಲಿ ವಾಷರ್ ಕೊಡಿ."

"ಹಳೇದು ತಂದೀರಾ ಸಾರ್? ಇಲ್ಲಾಂದ್ರೆ ಮೂರು ಸಲ ಓಡಾಡ್ತೀರಿ."

ಹಾರ್ಡ್‌ವೇರ್ ಅಂಗಡಿಯಲ್ಲಿ ಕಲಿಯಬೇಕಾದ ಪಾಠದಲ್ಲಿ ಅರ್ಧ ಇಷ್ಟರಲ್ಲೇ ಇದೆ. ಟೆಫ್ಲಾನ್ ಟೇಪನ್ನು ಮರೆ ತಿರುಗುವ ದಿಕ್ಕಿಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಜಗಳೂರಿನವರಿಗೆ ಇನ್ನೊಂದು ಉಪದ್ರವ, ಕೊಳವೆಬಾವಿಯ ಗಡಸು ನೀರು. ನಲ್ಲಿಯ ಮೂತಿ, ಶವರಿನ ಕಣ್ಣು, ಹೀಟರಿನ ಕಾಯಿಲ್ ಎಲ್ಲಕ್ಕೂ ಬಿಳಿ ಗಾರು ಕಟ್ಟುತ್ತದೆ. ಅದು ಸುಣ್ಣದ ಜಾತಿಯದೇ ಆದ್ದರಿಂದ ಹುಳಿಗೆ ಕರಗುತ್ತದೆ. ಬಿಚ್ಚಿದ ಭಾಗವನ್ನು ರಾತ್ರಿ ನಿಂಬೆಹುಳಿಯಲ್ಲೋ ಗಟ್ಟಿ ಹುಣಸೆರಸದಲ್ಲೋ ನೆನೆಹಾಕಿ, ಬೆಳಿಗ್ಗೆ ಹಳೇ ಬ್ರಷ್ಷಿನಲ್ಲಿ ತಿಕ್ಕಿದರೆ ಸಾಕು. ಹೊಸ ಶವರು ಕೊಳ್ಳುವುದು ಆಮೇಲೆ.

ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದೆ, ಚಿಲಕ ಕೂರುವುದಿಲ್ಲ. ಕೂಡಲೇ ಬಡಗಿಯನ್ನು ಕರೆಸಿ ತೋಪಡ ಹೊಡೆಸುವವರೇ ಹೆಚ್ಚು. ಪಸೆ ಹೀರಿದ ಮರ ಉಬ್ಬಿದೆ ಅಷ್ಟೇ, ಮಾಗಿ ಕಳೆಯುವಷ್ಟರಲ್ಲಿ ಅದೇ ಕುಗ್ಗುತ್ತದೆ. ಜುಲೈನಲ್ಲಿ ಹೆರೆದ ಬಾಗಿಲಿನ ಸಂದಿಯಿಂದ ಮಾರ್ಚ್‌ನಲ್ಲಿ ಬೀದಿ ಕಾಣುತ್ತದೆ. ತಿಕ್ಕುವ ಅಂಚಿಗೆ ಮೇಣದಬತ್ತಿ ಉಜ್ಜಿ, ಬಿಸಿಲು ಬರುವವರೆಗೆ ತಾಳಿಕೊಳ್ಳಿ.

ಇವನ್ನೆಲ್ಲ ಈಗಿನ ಹುಡುಗರು ಯೂಟ್ಯೂಬಿನಲ್ಲಿ ಕಲಿಯುತ್ತಾರೆ. ತಪ್ಪೇನಿಲ್ಲ. ನ್ಯಾಮತಿಯವರಿಗೆ ಮಾತ್ರ ಯೂಟ್ಯೂಬ್ ವಿದ್ಯೆ ಎಂದರೆ ಬೇರೇನೋ ನೆನಪಾಗುತ್ತದೆ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿ ಸರಳು ಕತ್ತರಿಸಿ, ಲಾಕರ್ ಕೊರೆದು, ಹದಿನೇಳು ಕೆ.ಜಿ.ಗೂ ಹೆಚ್ಚು ಚಿನ್ನ ಸಾಗಿಸಿದ ಪ್ರಕರಣದಲ್ಲಿ ಆರೋಪಿಗಳು ಯೂಟ್ಯೂಬ್ ನೋಡಿ ಕಲಿತಿದ್ದರು ಎಂದು ಪೊಲೀಸರು ಹೇಳಿದ್ದರು. ಚಿನ್ನ ಕೊನೆಗೆ ತಮಿಳುನಾಡಿನ ಬಾವಿಯೊಂದರಲ್ಲಿ ಸಿಕ್ಕಿತು. ಒಳ್ಳೆಯ ಕೆಲಸಕ್ಕೆ ನೋಡುವವರಿಗೆ ನನ್ನದೊಂದೇ ಎಚ್ಚರಿಕೆ: ವಿಡಿಯೊದವನ ಗೋಡೆ ನಿಮ್ಮ ಗೋಡೆಯಲ್ಲ. ಅವನದು ಹಲಗೆಯದ್ದೋ ಜಿಪ್ಸಂ ಬೋರ್ಡಿನದ್ದೋ ಆಗಿರುತ್ತದೆ, ನಿಮ್ಮದು ಸೈಜುಗಲ್ಲು. ಅವನ ಸೂರಿಗೆ ಕೋತಿ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಾನು ಖಡಾಖಂಡಿತ. ಬಲ್ಬು ಬದಲಿಸಿ, ಮೇನ್ ಆಫ್ ಮಾಡಿ ಹೋಲ್ಡರು, ಪ್ಲಗ್ಗು ಸರಿಮಾಡಿಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ವೈರಿಂಗು, ಮೀಟರ್ ಬೋರ್ಡು, ಮೋಟರ್ ಲೈನು ಲೈಸೆನ್ಸ್ ಇದ್ದವರ ಕೆಲಸ. ಮನೆಗೆ ಬರುವ ಸರ್ವಿಸ್ ವೈರು ಮಳೆಗಾಳಿಗೆ ಜೋತುಬಿದ್ದಿದ್ದರೆ ಅದನ್ನು ಕೋಲಿನಲ್ಲಿ ಎತ್ತಿ ಕಟ್ಟುವ ಸಾಹಸ ಬೇಡ, 1912ಕ್ಕೆ ಫೋನು ಮಾಡಿ. ಆದರೆ ನೀವೇ ಮಾಡಬೇಕಾದ, ಯಾರೂ ಮಾಡದ ಎರಡು ಕೆಲಸಗಳಿವೆ. ಬೇಸಿಗೆಯಲ್ಲಿ ಒಣಗಿದ ನೆಲ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ, ಅರ್ಥಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಿ. ಜಗಳೂರಿನಂಥ ಕಡೆ ಇದು ದಾಕ್ಷಿಣ್ಯಕ್ಕೆ ಹೇಳುವ ಮಾತಲ್ಲ. ಇನ್ನೊಂದು, ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಇದ್ದರೆ ಅದರಲ್ಲಿ ಟೆಸ್ಟ್ ಎಂದು ಬರೆದ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಕ್ ಎಂದು ಬಿದ್ದರೆ ಸರಿ ಇದೆ. ಬೀಳದಿದ್ದರೆ ಬಚ್ಚಲುಮನೆಯ ಹೀಟರ್ ಆನ್ ಮಾಡುವ ಮುಂಚೆ ಎಲೆಕ್ಟ್ರಿಷಿಯನ್ ಬರಬೇಕು.

ಮೃಗಶಿರಕ್ಕೆ ಇನ್ನೂ ದಿನವಿದೆ. ಈಗಿನ ತಾರಸಿ ಮನೆಗಳ ಮೇಲೆ ಸೋರುತ್ತದೆಂದು ಹಾಕಿಸಿದ ಶೀಟು, ಅಡಿಕೆ ಒಣಗಿಸಲು ಹಾಕಿಸಿದ ಶೀಟು ಊರ ತುಂಬ ಇವೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಮೊದಲು ಕೈ ಹಾಕುವುದು ಅವಕ್ಕೇ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಸುಟ್ಟು ಸೀಳಿರುತ್ತದೆ, ಬದಲಿಸಿದರೆ ಅರ್ಧ ಸೋರಿಕೆ ನಿಲ್ಲುತ್ತದೆ. ಸ್ಕ್ರೂ ಶೀಟಿನ ಉಬ್ಬಿನಲ್ಲಿರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಸಿಮೆಂಟ್ ಶೀಟಿನ ಮೇಲೆ ಹತ್ತುವುದಾದರೆ ಎಲ್ಲೆಂದರಲ್ಲಿ ಕಾಲಿಡಬೇಡಿ. ಬೋಲ್ಟಿನ ಸಾಲು ಇರುವ ಕಡೆ ಕೆಳಗೆ ಪೈಪೋ ಮರವೋ ಇರುತ್ತದೆ, ಆ ಸಾಲಿಗೆ ಹಲಗೆ ಅಡ್ಡ ಹಾಕಿ ಅದರ ಮೇಲೇ ನಡೆಯಿರಿ. ಹಳೆಯ ಶೀಟು ನೋಡಲು ಗಟ್ಟಿ, ಮನುಷ್ಯನ ಭಾರಕ್ಕೆ ಹಪ್ಪಳ. ಮೋಡ ಕವಿದ ದಿನ ಹತ್ತಬೇಡಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹತ್ತಿ. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು, ಮತ್ತು ಅವರ ಮೊಬೈಲು ಮನೆಯೊಳಗಿರಲಿ.